ಬಾಷಾಸಾಬರ ಚೆಸ್ ಮಷಿನ್

೯ ಮಾರ್ಚ್ ೨೦೦೪, ಗಜೇಂದ್ರಗಡ

ಅಡಿಗೆಮನೆ, ಪಡಸಾಲೆ, ಬಚ್ಚಲು — ಮತ್ತೆ ಅಡಿಗೆಮನೆ. ಇವರು ತೀರಿಕೊಂಡು ಇಪ್ಪತ್ತಾರು ದಿನ. ಗಂಡ ಸತ್ತವಳು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ.

ಕಪಾಟು ಒರೆಸುವಾಗ ಇವರ ಚೆಸ್ ಮಷಿನ್ ಸಿಕ್ಕಿತು. ಎಂಬತ್ತೆಂಟರಲ್ಲಿ ಕುವೈತಿನಿಂದ ತಂದದ್ದು. ಅಡಾಪ್ಟರ್ ಚುಚ್ಚಿದೆ. ಪೀಂ ಎಂದಿತು! ಅದೇ ದನಿ. ವಾಚಿನ ಅಂಗಡಿ ಮುಚ್ಚಿ ಬಂದವರೇ ಇದರ ಮುಂದೆ ಕೂಡುತ್ತಿದ್ದರು. ಮಷಿನ್ನಿಗೆ ಕೈಯಿಲ್ಲ. ಅಂಚಿನ ಕೆಂಪು ದೀಪ ನೋಡಿ ಅದರ ಕಾಯಿ ನಡೆಸುವವಳು ನಾನು. ಹದಿನಾರು ವರ್ಷ. ನಾನೇ ಒಂದು ಆಟ ಆಡಬಹುದೆಂದು ಹೊಳೆದೇ ಇರಲಿಲ್ಲ.

೧೧ ಮಾರ್ಚ್, ಮಧ್ಯಾಹ್ನ

ಆಡಿದೆ. ಹನ್ನೊಂದೇ ನಡೆಗೆ ಸೋತೆ. ನಗು ಬಂತು... ಸೆರಗು ಬಾಯಿಗೊತ್ತಿಕೊಂಡೆ. ಒಳಗೋಣೆಯ ಅತ್ತೆಗೆ ಕೇಳಿಸಿದರೆ?

೨ ಏಪ್ರಿಲ್

ಮೈದುನ ಸಾಜೀದ ಬಂದಿದ್ದ. ಪರದೆಯ ಆಚೆಯಿಂದ ಮಾತು.

"ಭಾಬಿ, ಅಂಗಡಿ ಕೊಳ್ಳಾಕ ಗಿರಾಕಿ ಬಂದಾನ್ರಿ. ಇದ್ದತ್ ಮುಗದ ಮ್ಯಾಲ ನೀವು ಹೊಳೆಆಲೂರಿಗೆ ನಿಮ್ಮ ಅಣ್ಣನ ಮನೀಗೆ ಹೋಗಿಬಿಡ್ರಿ. ಅದ ಚಲೋ."

ಅಣ್ಣನದು ಎರಡು ಕೋಣೆ, ಎಂಟು ಜನ. ವಾಚ್ ಬಿಚ್ಚಿ ತೊಳೆದು ಜೋಡಿಸುವ ಕೆಲಸದಲ್ಲಿ ಅರ್ಧ ಹತ್ತು ವರ್ಷದಿಂದ ಮನೆಯಲ್ಲಿ ನಾನೇ ಮಾಡಿದ್ದು. ಹೇಳಲಿಲ್ಲ. "ಹೂಂ" ಎಂದೆ. ಯಾಕೆ ಅಂದೆನೋ.

೨೬ ಮೇ

ಗೆಲ್ಲುವ ಹೊತ್ತಿಗೆ ಕರೆಂಟ್ ಹೋಯಿತು. ಆಟ ಅಳಿಸಿಹೋಯಿತು. ಕರೆಂಟ್ ಬಂದ ಮೇಲೆ ಮೊದಲಿಂದ ಹೂಡಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಅತ್ತೆ! ಬೈಗುಳಕ್ಕೆ ಕಾದೆ. ಬಂದು ಕೂತರು.

"ಬಾಷಾ ಇದ್ದಾಗಿನ ಸಪ್ಪಳ ಇದು. ಕೇಳಿದ್ರ ಅಂವ ಮನ್ಯಾಗ ಅದಾನ ಅನಸ್ತೈತಿ." ಬೋರ್ಡಿನತ್ತ ಬಾಗಿ, "ದೀಪ ಎಲ್ಲಿ ಹತ್ತತೈತಿ ತೋರ್ಸು. ಅದರ ಕಾಯಿ ನಾ ನಡಸ್ತೀನಿ. ನೀ ನಿಂದು ಆಡು."

ಒಂಟೆ ಯಾವುದು, ಕುದುರೆ ಯಾವುದು ಎಂದು ಪ್ರತಿ ಸಲವೂ ಕೇಳಿದರು. ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಗೆದ್ದೆ. ಇಬ್ಬರೂ ಅತ್ತೆವು.

೨೦ ಜೂನ್

ನಾಳೆ ಇದ್ದತ್ ಮುಗಿಯುತ್ತದೆ. ಸಾಜೀದ ಗಿರಾಕಿಯನ್ನು ಕರೆದುಕೊಂಡೇ ಬಂದ. ಹೇಳಿಬಿಟ್ಟೆ — "ಅಂಗಡಿ ಮಾರೂದಿಲ್ಲ ಸಾಜೀದ. ನಾ ಕುಂದರತೀನಿ."

"ಬಜಾರದಾಗ? ಹೆಣಮಗಳು ಒಬ್ಬಾಕಿ? ಮಂದಿ ಏನಂದಾರ್ರಿ?"

"ಒಬ್ಬಾಕಿ ಯಾಕ, ನಾ ಹೊಕ್ಕೀನಿ ಜೋಡಿ," ಅತ್ತೆ ಅಂದರು. "ನೀ ಅಂಗಡಿ ಚಾವಿ ಇಟ್ಟು ಹೋಗು."

ಪರದೆಯ ಆಚೆ ಕಟ್ಟೆಯ ಮೇಲೆ ಚಾವಿ ಇಟ್ಟ ಸಪ್ಪಳ.

ನಾಡಿದ್ದು ಬೆಳಿಗ್ಗೆ ಶಟರ್ ಎತ್ತಬೇಕು. ಒಂದು ಸಲವೂ ಎತ್ತಿಲ್ಲ. ಎಷ್ಟು ಭಾರವೋ —