ಸಾಹೇಬರ ಆಟ ಯಾವ ಫೋನಿನಲ್ಲೂ ಇಲ್ಲ

ಮಕ್ಕಳ ಸದ್ವರ್ತನೆ ಅಭಿಯಾನದ ಮಾನ್ಯ ಮೇಲ್ವಿಚಾರಣಾಧಿಕಾರಿಗಳೇ,

ಹೋದ ವಾರ ನಿಮ್ಮ ಕಚೇರಿಯಿಂದ ಹೊರಟ ಸುತ್ತೋಲೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಶಾಲೆಗಳ ಗೋಡೆ ಹತ್ತಿ ಕುಳಿತಿದೆ. ‘ಸಾಹೇಬರ ಆಟ’ ಎಂಬ ಹೊಸ ಹಿಂಸಾತ್ಮಕ ವಿಡಿಯೊ ಗೇಮ್ ಮಕ್ಕಳಲ್ಲಿ ಹರಡುತ್ತಿದೆ, ಅದರಿಂದ ಅವರ ನಡೆನುಡಿ ಕೆಡುತ್ತಿದೆ, ಪಾಲಕರು ಮೂರು ದಿನದೊಳಗೆ ಅದನ್ನು ಫೋನಿನಿಂದ ಅಳಿಸಿ ಮುಚ್ಚಳಿಕೆ ಬರೆದುಕೊಡಬೇಕು ಎಂದು ಅದರಲ್ಲಿದೆ. ಆ ಆಟವನ್ನು ಮೊದಲು ಆಡಿದವಳೆಂಬ ಕಾರಣಕ್ಕೆ ನನ್ನ ಮಗಳು ಶಾಂಭವಿಯ ನಡತೆ ಪ್ರಮಾಣಪತ್ರವನ್ನು ನೀವು ತಡೆಹಿಡಿದಿದ್ದೀರಿ. ಅವಳು ಐದನೇ ತರಗತಿ. ವಸತಿ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಈ ತಿಂಗಳ ಇಪ್ಪತ್ತೆಂಟರೊಳಗೆ ಆ ಕಾಗದ ಅಲ್ಲಿಗೆ ಮುಟ್ಟದಿದ್ದರೆ ಅವಳ ಸೀಟು ಬೇರೆಯವರ ಪಾಲಾಗುತ್ತದೆ. ಹೀಗಾಗಿ ಸುತ್ತಿ ಬಳಸಿ ಮಾತಾಡಲು ನನಗೆ ಪುರಸೊತ್ತಿಲ್ಲ. ಸಾಹೇಬರೇ, ಆ ಆಟ ಯಾವ ಫೋನಿನಲ್ಲೂ ಇಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಬಸ್ ಕಂಡಕ್ಟರ್. ಈ ಮೂರೂ ತಾಲ್ಲೂಕುಗಳ ರಸ್ತೆಯ ಗುಂಡಿಗಳಿಗೂ ನನಗೂ ಗುರುತಿದೆ. ನಿಮ್ಮ ಸುತ್ತೋಲೆ ಹೋದಲ್ಲೆಲ್ಲ ನನ್ನ ಬಸ್ಸೂ ಹೋಗಿರುವುದರಿಂದ ಅದರ ಪ್ರತಾಪವನ್ನು ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ. ಅಫಜಲಪುರದ ಕಡೆ ಒಬ್ಬ ತಂದೆ, ಮಗ ಆಟವನ್ನು ಎಲ್ಲಿ ಬಚ್ಚಿಟ್ಟಿದ್ದಾನೋ ತಿಳಿಯದೆ, ಫೋನಿನಲ್ಲಿದ್ದ ಮದುವೆಯ ಫೋಟೊಗಳ ಸಮೇತ ಎಲ್ಲವನ್ನೂ ಅಳಿಸಿ ಹೆಂಡತಿಯಿಂದ ಬೈಸಿಕೊಂಡನಂತೆ. ಆಳಂದದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಹಫೀಜ ನನ್ನ ದೋಸ್ತ. ಅವನ ಅಂಗಡಿಗೆ ಹನ್ನೊಂದು ಜನ ಬಂದು ಫೋನಿನಿಂದ ಸಾಹೇಬರ ಆಟ ಅಳಿಸಿಕೊಡು ಎಂದಿದ್ದಾರೆ. ಇಬ್ಬರು ಮಾತ್ರ ಗುಟ್ಟಾಗಿ, ಹಾಕಿಕೊಡು ಎಂದರಂತೆ. ಜೇವರ್ಗಿಯ ಕಡೆಯ ಒಂದು ಶಾಲೆಯಿಂದ ನಿಮಗೆ ಅನುಪಾಲನಾ ವರದಿಯೂ ಹೋಗಿದೆಯೆಂದು ಕೇಳಿದೆ. ನಾಲ್ಕು ಮಕ್ಕಳ ಫೋನಿನಿಂದ ಸದರಿ ಆಟವನ್ನು ಯಶಸ್ವಿಯಾಗಿ ಅಳಿಸಲಾಗಿದೆಯಂತೆ. ಇಲ್ಲದ್ದನ್ನು ಅಳಿಸಿದ ಆ ಮಾಸ್ತರರಿಗೆ ಪ್ರಶಸ್ತಿ ಕೊಡದಿದ್ದರೆ ಇಲಾಖೆಗೆ ಒಳ್ಳೆಯದಾಗುವುದಿಲ್ಲ.

ನಾನೇನು ಗೇಮುಗಳ ವಕೀಲನಲ್ಲ. ನನ್ನ ರಜೆಯ ದಿನ ಮಗಳು ನನ್ನ ಫೋನಿನಲ್ಲಿ ಬಂದೂಕಿನ ಆಟ ಆಡುತ್ತಿದ್ದಳು, ಒಪ್ಪಿಕೊಳ್ಳುತ್ತೇನೆ. ಆಡಿ ಎದ್ದ ಮೇಲೆ ಅರ್ಧ ತಾಸು ಅವಳ ಹತ್ತಿರ ಸುಳಿಯುವ ಹಾಗಿರುತ್ತಿರಲಿಲ್ಲ. ಊಟಕ್ಕೆ ಕರೆದರೆ ಸಿಡಿಮಿಡಿ. ಒಂದು ದಿನ ಅವಳವ್ವ ಭುವನೇಶ್ವರಿಗೆ ‘ಸುಮ್ನಿರಬೇ’ ಎಂದುಬಿಟ್ಟಳು. ಅವತ್ತೇ ಫೋನಿಗೆ ಬೀಗ ಹಾಕಿದೆ. ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಕುಂಟಬಿಲ್ಲೆ ಆಡಲು ಹೋದಳು. ಗುಂಡು ಹಾರಿಸುವ ಆಟ ಮಗುವಿನ ಮನಸ್ಸಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಕಲಿತವರು ತೂಗಿ ನೋಡಲಿ, ನನ್ನಿಂದ ಆಗುವ ಕೆಲಸವಲ್ಲ. ಆದರೆ ಕಂಡಕ್ಟರ್ ಆಗಿ ಒಂದು ಪ್ರಶ್ನೆ ಕೇಳುತ್ತೇನೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಬೀಸಿ ಒಗೆದು ಸೀಟು ಹಿಡಿಯುವವರು, ಬಸುರಿ ಹೆಂಗಸು ನಿಂತಿದ್ದರೂ ಕಿಟಕಿಯ ಆಚೆ ನೋಡುತ್ತ ಕೂಡುವವರು, ಚಿಲ್ಲರೆ ಕೇಳಿದರೆ ನನ್ನ ಅಪ್ಪನ ಹೆಸರು ಎತ್ತುವವರು, ಇವರೆಲ್ಲ ಐವತ್ತು ದಾಟಿದವರು. ಇವರು ಚಿಕ್ಕವರಿದ್ದಾಗ ಯಾವ ಗೇಮ್ ಆಡಿದ್ದರು? ಆಗ ಊರಿಗೆ ಕರೆಂಟೇ ಸರಿಯಾಗಿ ಬಂದಿರಲಿಲ್ಲ.

ಈಗ ಆ ಆಟದ ಹುಟ್ಟಿಗೆ ಬರೋಣ. ನಿಂಬರ್ಗಾದ ದಾರಿಯಲ್ಲಿರುವ ನಮ್ಮೂರ ಶಾಲೆಗೆ ನೀವು ಮೊದಲ ಸಲ ದಯಮಾಡಿಸಿದ ದಿನ ನನಗೆ ವಾರದ ರಜೆ. ಪಾಲಕರು ಕಡ್ಡಾಯವಾಗಿ ಬರಬೇಕು ಎಂದಿದ್ದರಿಂದ ಬಂದು ಬೇವಿನ ಗಿಡದ ಕಟ್ಟೆಯ ಮುಂದೆ ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಹಿಂಸಾತ್ಮಕ ಗೇಮುಗಳಿಂದ ಮಕ್ಕಳು ಹಿರಿಯರಿಗೆ ಗೌರವ ಕೊಡುವುದನ್ನೇ ಮರೆಯುತ್ತಿದ್ದಾರೆ ಎಂದು ನೀವು ಐವತ್ತು ನಿಮಿಷ ಮಾತಾಡಿದಿರಿ. ಸುಳ್ಳೇಕೆ ಹೇಳಲಿ, ಚೆಂದ ಮಾತಾಡಿದಿರಿ. ನಾನು ಎರಡು ಸಲ ಚಪ್ಪಾಳೆ ಹೊಡೆದೆ. ನಡುವೆ ಬಿಸಿಯೂಟದ ಅಡುಗೆಯ ಗಂಗಾಬಾಯಿ ನಿಮಗೆ ಚಹಾ ತಂದರು. ಅವರಿಗೆ ಅರವತ್ತೊಂದು ವರ್ಷ. ಹದಿನಾಲ್ಕು ವರ್ಷದಿಂದ ಆ ಶಾಲೆಯ ಮಕ್ಕಳಿಗೆ ಅನ್ನ ಹಾಕುತ್ತಿದ್ದಾರೆ. ಶಾಲೆಯಲ್ಲಿ ಚಹಾದ ಕಪ್ಪು-ಬಸಿ ಇಲ್ಲದ್ದರಿಂದ ಸ್ಟೀಲಿನ ಗ್ಲಾಸಿನಲ್ಲಿ ತಂದಿದ್ದರು. ನೀವು ಒಂದು ಗುಟುಕು ಕುಡಿದಿರಿ, ಸಕ್ಕರೆ ಜಾಸ್ತಿಯಾಗಿತ್ತೆಂದು ಕಾಣುತ್ತದೆ, ಗ್ಲಾಸು ಬೀಸಿ ಒಗೆದಿರಿ. ಬಿಸಿ ಚಹಾ ಅವರ ಪಾದದ ಮೇಲೆ ಬಿತ್ತು. ಮೈಕು ಇನ್ನೂ ಚಾಲೂ ಇತ್ತು.

“ಏ ಮುದುಕಿ, ಇದೇನ್ ದನಕ್ಕ ಕುಡಸ್ಲಾಕ ತಂದೀಯೇನು?”

ನೂರಾ ನಲವತ್ತು ಮಕ್ಕಳು ಕೇಳಿದರು. ಬೇವಿನ ಗಿಡದ ಮೇಲೆ ಕಟ್ಟಿದ್ದ ಸ್ಪೀಕರಿನಿಂದ ಅರ್ಧ ಊರೂ ಕೇಳಿತು. ಗಂಗಾಬಾಯಿ ಬಗ್ಗಿ ಗ್ಲಾಸು ಎತ್ತಿಕೊಂಡು, ಸೆರಗಿನಿಂದ ಕಟ್ಟೆ ಒರೆಸಿ ಹೋದರು. ನೀವು ಗಂಟಲು ಸರಿಮಾಡಿಕೊಂಡು, ಹಾಂ, ಗೌರವದ ಬಗ್ಗೆ ಹೇಳುತ್ತಿದ್ದೆ ಎಂದು ಮುಂದುವರಿಸಿದಿರಿ. ಹೆಡ್‌ಮಾಸ್ತರ ವಿಶ್ವಾರಾಧ್ಯ ಸರ್ ತಲೆ ಎತ್ತಲಿಲ್ಲ. ಪಾಲಕರಾದ ನಾವು ಮೂವತ್ತು ಮಂದಿ ಉಸಿರೆತ್ತಲಿಲ್ಲ. ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ಹೊಡೆದೆವು, ನಾನೂ ಹೊಡೆದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಮಕ್ಕಳಿಗೆ ಇಷ್ಟು ಚೆನ್ನಾಗಿ ಯಾರೂ ಕಲಿಸಿರಲಿಕ್ಕಿಲ್ಲ.

ಮರುದಿನದಿಂದ ಶಾಲೆಯ ಬಿಡುವಿನಲ್ಲಿ ಹೊಸ ಆಟ ಶುರುವಾಯಿತು. ಬೇವಿನ ಗಿಡದ ಕೆಳಗಿನ ಕಲ್ಲು ಸಾಹೇಬರ ಕುರ್ಚಿ. ಜೋಳದ ದಂಟು ಮೈಕು. ಬಾಟಲಿಯ ಮುಚ್ಚಳದಲ್ಲಿ ನೀರು ತುಂಬಿದರೆ ಅದೇ ಚಹಾ. ಸಾಹೇಬ ಆದವರು ಗೌರವದ ಬಗ್ಗೆ ಭಾಷಣ ಮಾಡಬೇಕು, ಒಬ್ಬರು ಗಂಗಾಬಾಯಿ ಆಗಿ ಚಹಾ ತರಬೇಕು. ಏನೇ ತಂದರೂ ಸಾಹೇಬರು ಒಂದು ತಪ್ಪು ಹುಡುಕಿ ಒಗೆಯಲೇಬೇಕು. ಒಗೆಯದಿದ್ದರೆ ಔಟು. ಉಳಿದವರ ಕೆಲಸ ಚಪ್ಪಾಳೆ ಹೊಡೆಯುವುದು. ನಿಯಮ ಇಷ್ಟೇ. ಇಂಟರ್‌ನೆಟ್ ಬೇಡ, ಚಾರ್ಜಿಂಗ್ ಬೇಡ. ನನ್ನ ಮಗಳಿಗೆ ಇನ್ನೊಬ್ಬರ ಅನುಕರಣೆ ಮಾಡುವುದರಲ್ಲಿ ಎತ್ತಿದ ಕೈ, ಹೀಗಾಗಿ ಹೆಚ್ಚು ಸಲ ಸಾಹೇಬರು ಅವಳೇ. ಒಂದು ರಜೆಯ ದಿನ ಶಾಲೆಯ ಕಂಪೌಂಡಿನ ಆಚೆ ನಿಂತು ಇದನ್ನು ನೋಡಿದೆ. ನೀವು ಗಂಟಲು ಸರಿಮಾಡಿಕೊಳ್ಳುವ ರೀತಿ, ಕನ್ನಡಕ ಮೇಲೇರಿಸುವ ರೀತಿ, ಎಲ್ಲವನ್ನೂ ತಂದುಬಿಟ್ಟಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಯ್ಯೋ, ನಕ್ಕೆನಲ್ಲ ಎಂದು ಈಗ ನನಗೇ ನಾಚಿಕೆಯಾಗುತ್ತದೆ. ಚಹಾ ತರುತ್ತಿದ್ದವಳು ಯಾರು ಎಂದು ಅವತ್ತು ನಾನು ನೋಡಲೇ ಇಲ್ಲ.

ದಿನವೂ ಚಹಾ ತರುತ್ತಿದ್ದವಳು ಪಂಚಶೀಲಾ, ಗಂಗಾಬಾಯಿಯ ಸ್ವಂತ ಮೊಮ್ಮಗಳು. ಅವಳೇ ಯಾಕೆ ಎಂದು ಆಮೇಲೆ ಮಗಳನ್ನು ಕೇಳಿದೆ. “ಅಕಿ ಅವರ ಮನ್ಯಾಕಿನೇ ಅಲ್ಲೇನಪ್ಪಾ, ಅಕಿಗೆ ಬರಾಬರ್ ಬರ್ತದ” ಎಂದಳು. ಯಾವ ಕೆಟ್ಟತನವೂ ಇಲ್ಲದೆ, ಎರಡೊಂದ್ಲೆ ಎರಡು ಎನ್ನುವ ಹಾಗೆ ಹೇಳಿದಳು. ಇದನ್ನು ಬಂದೂಕಿನ ಗೇಮ್ ಕಲಿಸಿತೇ, ಸಾಹೇಬರೇ? ಯಾರು ಕೂಡಬೇಕು, ಯಾರು ತರಬೇಕು, ಯಾರು ಒರೆಸಿಕೊಂಡು ಹೋಗಬೇಕು ಎಂಬ ಲೆಕ್ಕ ನಮ್ಮ ಸೀಮೆಯಲ್ಲಿ ಮಗುವಿಗೆ ಹಲ್ಲು ಬರುವುದರೊಳಗೆ ಬಂದಿರುತ್ತದೆ. ನೀವು ಮೈಕಿನಲ್ಲಿ ಅದನ್ನು ಖಾತರಿ ಮಾಡಿಕೊಟ್ಟಿರಿ, ಅಷ್ಟೇ.

ಹಿರಿಯಕ್ಕನ ಚಾಳಿ ಮನೆಮಂದಿಗೆಲ್ಲ ಎಂಬಂತೆ ಆಟ ಬೆಳೆಯಿತು. ಮುಚ್ಚಳ ಹೋಗಿ ಬಿಸಿಯೂಟದ ಸ್ಟೀಲಿನ ಗ್ಲಾಸು ಬಂತು. ಒಂದು ದಿನ ನನ್ನ ಮಗಳು ಒಗೆದ ಗ್ಲಾಸು ಪಂಚಶೀಲಾಳ ಹುಬ್ಬಿಗೆ ಬಡಿದು ಮೂರು ಹೊಲಿಗೆ ಬಿದ್ದವು. ಕಣ್ಣು ಉಳಿದದ್ದು ಪುಣ್ಯ. ತಪ್ಪು ನನ್ನ ಮಗಳದು, ಅದಕ್ಕೆ ಸಬೂಬು ಹೇಳುವುದಿಲ್ಲ.

ಆಗ ನೀವು ಎರಡನೇ ಸಲ ಬಂದಿರಿ, ತನಿಖೆಗೆ. ಜೊತೆಗೊಬ್ಬ ಗುಮಾಸ್ತರು, ಅವರ ಕೈಯಲ್ಲಿ ಛಾಪಿಸಿದ ನಮೂನೆ. ವಿದ್ಯಾರ್ಥಿಯ ಹೆಸರು, ಆಡಿದ ವಿಡಿಯೊ ಗೇಮಿನ ಹೆಸರು, ಕಂಡುಬಂದ ಲಕ್ಷಣಗಳು. ಅದರಲ್ಲಿ ಇನ್ನಾವ ಕಾರಣಕ್ಕೂ ಜಾಗವೇ ಇರಲಿಲ್ಲ. ತಂದೆಯೆಂದು ನನ್ನನ್ನೂ ಪಕ್ಕಕ್ಕೆ ನಿಲ್ಲಿಸಿದ್ದರು. ಯಾವ ಗೇಮ್ ನೋಡಿ ಕಲಿತೆ ಎಂದು ನೀವು ಶಾಂಭವಿಯನ್ನು ಕೇಳಿದಿರಿ.

“ಗೇಮ್ ಅಲ್ರಿ ಸರ್, ಸಾಹೇಬ್ರ ಆಟ್ರಿ.”

ಗುಮಾಸ್ತರು ಬರೆದುಕೊಂಡರು. ಅದು ಎಲ್ಲಿ ಸಿಗುತ್ತದೆ, ಯಾರು ಹಾಕಿಕೊಟ್ಟರು ಎಂದು ಮುಂದಿನ ಪ್ರಶ್ನೆ.

“ಎಲ್ಲೂ ಸಿಗಂಗಿಲ್ರಿ. ನೀವ ಅವತ್ತ ಮಾಡಿ ತೋರ್ಸಿದ್ರಲ್ರಿ, ಗಿಡದ ಕೆಳಗ.”

ಅವಳು ‘ರಿ’ ಬಿಟ್ಟು ಒಂದು ಮಾತೂ ಆಡಲಿಲ್ಲ, ಗಮನಿಸಿ. ನೀವು ಕೆಂಪಗಾದಿರಿ. ಗುಮಾಸ್ತರ ಕಡೆ ತಿರುಗಿ, ಲಕ್ಷಣ ಬರೆದುಕೊಳ್ಳಿ, ಹಿರಿಯರಿಗೆ ಎದುರುತ್ತರ ಎಂದಿರಿ. ಹೀಗೆ ಸತ್ಯ ಹೇಳಿದ್ದು ರೋಗಲಕ್ಷಣವಾಯಿತು, ಆಟದ ಹೆಸರು ಕಾಗದ ಹತ್ತಿ ಕಚೇರಿಗೆ ಹೋಯಿತು, ಕಚೇರಿಯಿಂದ ಸುತ್ತೋಲೆಯಾಗಿ ಮೂರು ತಾಲ್ಲೂಕುಗಳಿಗೆ ಇಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆಯೂ ಸಿಗದೆ ಪಾಪ ಮೊಬೈಲಿಗೆ ಬರೆ ಬಿದ್ದಿದೆ. ನಿಮ್ಮ ನಮೂನೆಯಲ್ಲಿ ಇನ್ನೊಂದು ಕಾಲಂ ಹೆಚ್ಚಿಸಿ, ಸ್ವಾಮಿ. ‘ಮಗು ಇದನ್ನು ಯಾವ ದೊಡ್ಡ ಮನುಷ್ಯರಿಂದ ಕಲಿಯಿತು?’ ಅದನ್ನು ಪ್ರಾಮಾಣಿಕವಾಗಿ ತುಂಬಿಸಿದರೆ ನಮ್ಮೆಲ್ಲರ ನಡತೆ ಪ್ರಮಾಣಪತ್ರ ತಡೆಹಿಡಿಯಬೇಕಾಗುತ್ತದೆ, ನನ್ನದನ್ನು ಮೊದಲು.

ತನಿಖೆಯ ದಿನವೇ ಸಂಜೆ ಮಗಳನ್ನು ಕರೆದುಕೊಂಡು ಗಂಗಾಬಾಯಿಯ ಮನೆಗೆ ಹೋದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಪಾದದ ಮೇಲಿನ ಕಲೆ ಇನ್ನೂ ಮಾಸಿರಲಿಲ್ಲ. ಶಾಂಭವಿ ಹೊಸ್ತಿಲಲ್ಲೇ ಅಳಲು ಶುರುಮಾಡಿದಳು. ನಾನು ಹೇಳಿಕೊಟ್ಟದ್ದನ್ನೆಲ್ಲ ಮರೆತು, ತಪ್ಪಾತ್ರಿ ಆಯಿ ಎಂದು ಅವರಿಗೆ, ತಪ್ಪಾತು ಎಂದು ಪಂಚಶೀಲಾಗೆ ಹೇಳಿದಳು. ನಾನೂ ಅವತ್ತು ಬಾಯಿ ಬಿಡದೆ ಕುಳಿತದ್ದಕ್ಕೆ ತಪ್ಪಾಯಿತು ಎಂದೆ. ಗಂಗಾಬಾಯಿ, ಬಿಡ್ರಿ ಯಪ್ಪಾ, ಅದೇನ್ ಮಾತು ಎಂದು ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಮಗಳ ಕೈಗೆ ಕೊಟ್ಟರು. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡಿದ್ದ ಪಂಚಶೀಲಾ ಮಾತ್ರ ನಮ್ಮ ಬೆನ್ನ ಹಿಂದಿನ ಬಾಗಿಲ ಕಡೆಯೇ ನೋಡುತ್ತಿದ್ದಳು.

“ಸಾಹೇಬ್ರು ಬಂದಿಲ್ಲೇನ್ರಿ ಕಾಕಾ?”

ಯಾಕವ್ವಾ ಎಂದೆ.

“ಗ್ಲಾಸ್ ಒಗದವ್ರು ತಪ್ಪಾತು ಅನ್ಲಾಕ ಬಂದಾರಲ್ರಿ, ಅದಕ್ಕ ಕೇಳ್ದೆ.”

ಬರ್ತಾರವ್ವಾ, ನಾಳೆ ಬರ್ತಾರ ಎಂದುಬಿಟ್ಟೆ. ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೂ ಬರುತ್ತದೆ ಎಂದು ಹೇಳಿ ರೂಢಿಯಾದ ಬಾಯಿ ಇದು. ಹನ್ನೆರಡು ದಿನವಾಯಿತು. ಬಿಡುವಿನಲ್ಲಿ ಕಲ್ಲು ಖಾಲಿ ಇದೆ, ಆಟ ನಿಂತಿದೆ, ಆದರೆ ಆ ಹುಡುಗಿ ನನ್ನನ್ನು ಕಂಡಾಗಲೆಲ್ಲ ಅದೇ ಪ್ರಶ್ನೆ ಕೇಳುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ಮಗಳ ಪ್ರಮಾಣಪತ್ರದಲ್ಲಿ ಏನು ಬರೆಯಬೇಕೋ ಬರೆಯಿರಿ, ಗ್ಲಾಸು ಒಗೆದಳು ಎಂದೇ ಬರೆಯಿರಿ, ಅದರ ಕೆಳಗೆ ತಪ್ಪು ಒಪ್ಪಿಕೊಂಡಳು ಎಂಬುದನ್ನೂ ಸೇರಿಸಿ, ಇಪ್ಪತ್ತೆಂಟರೊಳಗೆ ಕೊಡಿ. ಇಲ್ಲದ ಗೇಮಿನ ಹೆಸರು ಮಾತ್ರ ತೆಗೆಯಿರಿ. ಮತ್ತು ಮೂರನೇ ಸಲ ನಮ್ಮೂರಿಗೆ ಬನ್ನಿ. ಭಾಷಣ ಬೇಡ. ಅದೇ ಗಿಡದ ಕೆಳಗೆ, ಅದೇ ಮಕ್ಕಳ ಮುಂದೆ, ಗಂಗಾಬಾಯಿ ಕೊಟ್ಟ ಚಹಾ ಎಷ್ಟೇ ಸಿಹಿಯಾಗಿದ್ದರೂ ಪೂರ್ತಿ ಕುಡಿದು, ನನ್ನ ಹತ್ತು ವರ್ಷದ ಮಗಳು ಹೇಳಿದ ಆ ಎರಡು ಮಾತು ಹೇಳಿ ಹೋಗಿ. ಮೈಕು ಚಾಲೂ ಇರಲಿ. ಆಳಂದದಿಂದ ಬೆಳಗಿನ ಎಂಟೂವರೆಗೆ ನನ್ನದೇ ಬಸ್ಸು. ನಿಮಗಾಗಿ ಸೀಟು ಹಿಡಿದಿಟ್ಟಿರುತ್ತೇನೆ, ಟವೆಲ್ ಒಗೆಯುವ ಕಷ್ಟ ನಿಮಗೆ ಬೇಡ.

ಇಂತಿ,
ಅವತ್ತು ಮೂರನೇ ಸಾಲಿನಲ್ಲಿ ಕುಳಿತು ನಿಮಗೆ ಚಪ್ಪಾಳೆ ಹೊಡೆದವರಲ್ಲಿ ಒಬ್ಬ,
ಶಾಂತಲಿಂಗಪ್ಪ, ಬಸ್ ಕಂಡಕ್ಟರ್