ಎಡಗಡೆ ಸೀಟಿನ ನೀರು

ಆಗಸ್ಟ್ 21, 2000

ಮತ್ತೆ ನೀರು. ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ. ಮ್ಯಾಟ್ ಎತ್ತಿದರೆ ಪಚಪಚ. ಹಳೇ ಟವೆಲ್ ಹಾಕಿ ಹಿಂಡಿದೆ, ಅರ್ಧ ಬಕೆಟ್ ಆಯಿತು. ತೆಳು ಕಂದು ಬಣ್ಣ. ತುಕ್ಕು ಇರಬೇಕು.

ಹಳೇಬೀಡು ಮುಟ್ಟುವ ತನಕ ಗಾಜು ಇಳಿಸಿಕೊಂಡೇ ಓಡಿಸಿದೆ. ಆದರೂ ಬೂಷ್ಟು ವಾಸನೆ. ಫಸ್ಟ್ ಪೀರಿಯಡ್‌ನಲ್ಲಿ ಎಂಟನೇ ಕ್ಲಾಸಿಗೆ ಲೆಕ್ಕ ಹೇಳುವಾಗ ಉಬ್ಬಸ ಶುರು. ಬೋರ್ಡಿನ ಕಡೆ ತಿರುಗಿ ಇನ್ಹೇಲರ್ ಎಳೆದುಕೊಂಡೆ. ಮಕ್ಕಳಿಗೆ ಗೊತ್ತಾಗಿದೆ, ಗೊತ್ತಿಲ್ಲದ ಹಾಗೆ ಕೂತಿದ್ದವು.

ಬೆಳಿಗ್ಗೆ ನೀರು ಹಿಂಡುವಾಗ ಅತ್ತೆ ಜಗಲಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಕತ್ತೆತ್ತದೆ, "ಎಂಗುಸ್ರು ಗಾಡಿ ಓಡ್ಸೋದ್ ನೋಡಾಕಾಗ್ದೆ ಮಳೆರಾಯ್ನೇ ಅಳ್ತಾವ್ನೆ," ಅಂದರು. ದಿನಾ ಮೊಳಗಟ್ಟಲೆ ಕಟ್ಟುತ್ತಾರೆ. ದೇವರ ಪಟಕ್ಕೆ ಇಷ್ಟೇ ಇಷ್ಟು. ಮಿಕ್ಕಿದ್ದನ್ನು ಯಾರಿಗೆ ಕೊಡುತ್ತಾರೋ.

ಆಗಸ್ಟ್ 26

ಮೆಕ್ಯಾನಿಕ್ ರವಿಕುಮಾರ್ ಮುಂದಿನ ಗಾಜಿನ ರಬ್ಬರ್ ಬದಲಾಯಿಸಿದ. "ಹನ್ನೊಂದು ವರ್ಷದ್ ಮಾರುತಿ ಮೇಡಂ, ರಬ್ಬರ್ ಕಲ್ಲಾಗೈತೆ. ಇನ್ ಒಂದ್ ಹನಿ ಬಂದ್ರೆ ಕೇಳಿ."

ಆಗಸ್ಟ್ 29

ಕೇಳಿದೆ. ತಲೆ ಕೆರೆದುಕೊಂಡ.

ಸೆಪ್ಟೆಂಬರ್ 3

ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಕಾರು ಒಣಗಿಸಿ, ಇಲ್ಲ ಕಾರು ಬಿಡಿ. ಈ ಬೂಷ್ಟು ಕುಡೀತಾ ಇದ್ರೆ ಮಾತ್ರೆ ಏನೂ ಮಾಡಲ್ಲ."

ಬಿಡಿ ಅನ್ನುವುದು ಸುಲಭ. ಜೂನ್‌ನಲ್ಲಿ ಹಳೇಬೀಡಿಗೆ ವರ್ಗ ಆದಾಗ ಬಸ್ಸಲ್ಲೂ ಹೋಗಿ ನೋಡಿದ್ದೇನೆ. ಅರಸೀಕೆರೆಯಿಂದ ಹೊರಟು ಜಾವಗಲ್ಲಿನಲ್ಲಿ ಕಾದು, ಇಳಿಯುವ ಹೊತ್ತಿಗೆ ಪ್ರೇಯರ್ ಮುಗಿದು ಹೆಡ್ಮಾಸ್ಟರ ಮುಖ ಊದಿರುತ್ತದೆ. ಕಾರಿಲ್ಲದಿದ್ದರೆ ಅಲ್ಲೇ ರೂಮು ಮಾಡಬೇಕು. ಅತ್ತೆ ಬರುವುದಿಲ್ಲ. "ನನ್ ಮಗ ಕಟ್ಸಿದ್ ಮನೆ ಬುಟ್ಟು ನಾನೆಲ್ಗೂ ಬರಾಕಿಲ್ಲ." ಮುಗಿಯಿತು.

ಆ ಮಗ, ನನ್ನ ಗಂಡ ಬೀರೇಶ್, ಹೋಗಿ ಎರಡು ವರ್ಷ. ಬಾಣಾವರ ರಸ್ತೆ, ಸ್ಕೂಟರ್, ಎದುರಿಗೆ ಲಾರಿ. ಆಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಅವರು ಬಯ್ಯುವುದು, ನಾನು ಬಯ್ಯಿಸಿಕೊಳ್ಳುವುದು. ಅದಿಲ್ಲದ ರೂಮಿನಲ್ಲಿ ನನಗೆ ಅನ್ನ ಇಳಿಯುವುದಿಲ್ಲ. ಕಾರು ತಂದ ದಿನ ಅವರು ಹಿತ್ತಿಲಿಗೆ ಹೋಗಿ ಕೂತವರು ಕತ್ತಲಾದ ಮೇಲೆ ಒಳಗೆ ಬಂದದ್ದು. ಇವತ್ತಿನವರೆಗೂ ಹತ್ತಿಲ್ಲ. ಮುಟ್ಟಿಯೂ ಇಲ್ಲ.

ಸೆಪ್ಟೆಂಬರ್ 10, ಭಾನುವಾರ

ಪರೀಕ್ಷೆ ನಾನೇ ಮಾಡಿದೆ. ಸೀಮೆಸುಣ್ಣ ಪುಡಿ ಮಾಡಿ ಒಳಗಡೆಯಿಂದ ಬಾಗಿಲ ರಬ್ಬರಿನ ಉದ್ದಕ್ಕೂ, ಗಾಜಿನ ಅಂಚಿಗೂ ಉದುರಿಸಿದೆ. ನೀರು ನುಗ್ಗಿದ ಕಡೆ ಪುಡಿ ತೊಳೆದು ಹೋಗಲೇಬೇಕು. ನಾನು ಒಳಗೆ ಕೂತೆ. ಪಕ್ಕದ ಮನೆ ರಂಗಮ್ಮ ಹೊರಗಿಂದ ಕೊಡ ಕೊಡ ನೀರು ಸುರಿದರು. "ಕಾರಿಗೆ ಎಣ್ಣೆನೀರಾ ಟೀಚರೇ?" ಅಂತ ಬೀದಿಯವರೆಲ್ಲ ನಗು.

ಸುಣ್ಣದ ಗೆರೆ ಒಂದು ಕಡೆಯೂ ಕೆಡಲಿಲ್ಲ. ಕಾಲ ಕೆಳಗೆ ಮಾತ್ರ ನೀರು! ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದೆ. ಅಲ್ಲಿ ತೊಟ್ಟಿಕ್ಕುತ್ತಿದೆ, ಗಾಳಿ ಬರುವ ಡಬ್ಬದಿಂದ. ಅಂದರೆ ಬಾಗಿಲಲ್ಲ, ಗಾಜಲ್ಲ.

ರವಿಕುಮಾರನಿಗೆ ಹೇಳಿದರೆ, "ಹಂಗಾರೆ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು. ಬಿಚ್ಚಿದ್ರೂ ಗ್ಯಾರಂಟಿ ಇಲ್ಲ. ಮಾರ್ಬುಡಿ ಮೇಡಂ."

ಸೆಪ್ಟೆಂಬರ್ 27

ಬರೆಯಲು ಮನಸ್ಸಿರಲಿಲ್ಲ. ಮಧ್ಯೆ ಎರಡು ಸಲ ಜೋರು ಮಳೆ, ಎರಡು ಸಲ ಆಸ್ಪತ್ರೆ. ಸಾಕಾಯಿತು. ಕಣಕಟ್ಟೆಯಿಂದ ಒಬ್ಬರು ಸೋಮವಾರ ಕಾರು ನೋಡಲು ಬರುತ್ತಾರೆ. ಹಳೇಬೀಡಿನ ಹುಲಿಕೆರೆ ರಸ್ತೆಯಲ್ಲಿ ಒಂದು ರೂಮು ನೋಡಿ ಬಂದೆ.

ಅತ್ತೆಗೆ ಹೇಳಿದೆ. ಖುಷಿ ಪಡುತ್ತಾರೆ ಅಂದುಕೊಂಡಿದ್ದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಬಯ್ಯಲಿಲ್ಲ. ಒಂದು ಮಾತೂ ಬಯ್ಯಲಿಲ್ಲ. ಹೆದರಿಕೆಯಾಯಿತು.

ಅಕ್ಟೋಬರ್ 1, ಭಾನುವಾರ

ಹೇಗೆ ಬರೆಯಲಿ.

ನಾಳೆ ಕಾರು ನೋಡುವವರು ಬರುತ್ತಾರಲ್ಲ ಅಂತ ತೊಳೆಯಲು ಹೋದೆ. ಮುಂದಿನ ಗಾಜಿನ ಕೆಳಗೆ ಒಂದು ಕಪ್ಪು ಜಾಲರಿ ಇದೆ, ಗಾಳಿ ಒಳಗೆ ಹೋಗುವುದು ಅಲ್ಲಿಂದಲೇ. ಅದರ ಸಂದಿಯಲ್ಲಿ ಕೊಳೆ. ಸ್ಕ್ರೂ ಬಿಚ್ಚಿ ಎತ್ತಿದೆ. ಕೆಳಗಿನ ಕಾಲುವೆಯಲ್ಲಿ ಎಡಗಡೆಗೆ ನೀರು ಇಳಿದು ಹೋಗುವ ತೂತು. ಅದರ ಬಾಯಿಗೆ ಗೊಬ್ಬರದಂಥ ಮುದ್ದೆ! ಎಳೆದೆ. ಬಂತು, ಬರುತ್ತಲೇ ಇತ್ತು. ಬಾಳೆನಾರು. ಕೊಳೆತ ಕನಕಾಂಬರ. ತಳದಲ್ಲಿ ಕಪ್ಪು, ನಡುವೆ ಕಂದು, ಮೇಲೆ ಇನ್ನೂ ಕೇಸರಿ. ಎರಡೆರಡು ಹೂವಿಗೆ ಒಂದು ಗಂಟು. ಆ ಗಂಟು ನನಗೆ ಗೊತ್ತು.

ಹಾಗೇ ಅಂಗೈಯಲ್ಲಿ ಹಿಡಿದು ಜಗಲಿಗೆ ಹೋದೆ. ಅತ್ತೆ ನೋಡಿದರು. ಮುಖ ತಿರುಗಿಸಿದರು.

"ಗಾಳಿಗ್ ಬಿದ್ದಿರ್ತವೆ."

"ಗಾಳಿ ಬಾಳೆನಾರಲ್ಲಿ ಗಂಟು ಹಾಕುತ್ತಾ ಅತ್ತೆ?"

ಸೆರಗಿನ ತುದಿ ಸುತ್ತಿದರು, ಬಿಚ್ಚಿದರು.

"ನೀನ್ ಸ್ನಾನಕ್ ಹೋದಾಗ ಸಂದೀಲಿ ತೂರಿಸ್ತಿದ್ದೆ ಕಣವ್ವ. ದಿನಾ. ಬೈಯೋಳೇ ಹೂ ಮಡಗ್ತಾಳೆ ಅಂತ ನೀನ್ ನಗಬಾರ್ದು ಅಂತ..." ಆಮೇಲೆ ಅಂಗಳದ ಕಡೆ ನೋಡುತ್ತಾ, "ನಿನ್ ತಲೆಗ್ ಮುಡಿಸೋಣ ಅಂದ್ರೆ ಜನ ಬುಡ್ತಾರಾ? ನಂಗೂ ಕೈ ಬರ್ನಿಲ್ಲ. ಅದ್ಕೇ ಗಾಡಿಗ್ ಮುಡಿಸ್ದೆ. ನನ್ ಸೊಸೆ ಹೋದಂಗೇ ಬರ್ಲಿ ಅಂತ."

ಅತ್ತುಬಿಟ್ಟೆ. ಬೀರೇಶ್ ಹೋದಾಗಲೂ ಅವರ ಮುಂದೆ ಹೀಗೆ ಅತ್ತಿರಲಿಲ್ಲ.

ತೂತಿಗೆ ನೀರು ಬಿಟ್ಟು ತೋರಿಸಿದೆ. ಚಕ್ರದ ಹತ್ತಿರ ಸೊರಸೊರ ಇಳಿಯಿತು. ಇದು ಕಟ್ಟಿಕೊಂಡರೆ ನೀರು ಗಾಳಿಯ ಡಬ್ಬಕ್ಕೆ ಉಕ್ಕಿ ಕಾರಿನೊಳಗೆ ಬೀಳುತ್ತದೆ ಅಂದೆ. ಆಗ ಅವರಿಗೆ ಪೂರ್ತಿ ಅರ್ಥವಾಯಿತು. "ಹಂಗಾರೆ ಆ ನೀರು... ನಿನ್ ಉಬ್ಸ... ನಾನೇ ಮಾಡ್ದಂಗಾಯ್ತಲ್ಲವ್ವ!" ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದರು.

ಅಕ್ಟೋಬರ್ 2

ಕಣಕಟ್ಟೆಯವರಿಗೆ ಕಾರು ಕೊಡುವುದಿಲ್ಲ ಅಂದೆ. ಕಾಫಿ ಕುಡಿದು ಹೋದರು.

ಅಕ್ಟೋಬರ್ 4

ಮಧ್ಯಾಹ್ನ ಭಾರೀ ಮಳೆ. ದಸರಾ ರಜೆ, ಇಬ್ಬರೂ ಕಿಟಕಿಯಲ್ಲಿ ನಿಂತು ನೋಡಿದೆವು. ನಿಲ್ಲುವುದೇ ತಡ, ಅತ್ತೆ ನನಗಿಂತ ಮುಂಚೆ ಹೋಗಿ ಬಾಗಿಲು ತೆಗೆದು ಮ್ಯಾಟ್ ಕೆಳಗೆ ಕೈ ಹಾಕಿದರು. ಅಂಗೈ ತಿರುಗಿಸಿ ತೋರಿಸಿದರು. "ಒಣಗೈತೆ."

ನಗಲಿಲ್ಲ. ಮೂರು ದಿನದಿಂದ ಹೂವು ಕಿತ್ತಿಲ್ಲ ಅವರು, ಗಿಡದ ತುಂಬ ಹಾಗೇ ಇದೆ. ನೋಡಲು ಆಗಲಿಲ್ಲ. ಹೇಳಿಬಿಟ್ಟೆ — "ಇನ್ಮೇಲೆ ಜಾಲರಿಗೆ ಬೇಡ ಅತ್ತೆ. ನನ್ನ ತಲೆಗೇ ಇಡಿ."

ಕಾರಿನ ಬಾಗಿಲು ಹಾಕಿ ದನಕ್ಕೆ ಹುಲ್ಲು ಹಾಕಲು ಹೋದರು. ಕೇಳಬಾರದಿತ್ತೇನೋ.

ಅಕ್ಟೋಬರ್ 6, ಆಯುಧ ಪೂಜೆ

ಬೆಳಿಗ್ಗೆ ಏಳುವ ಹೊತ್ತಿಗೆ ಗಿಡ ಬೋಳು. ಜಗಲಿಯಲ್ಲಿ ಇಷ್ಟುದ್ದದ ಮಾಲೆ. ಬಂಪರಿಗೆ ಕಟ್ಟಿದೆವು, ಜಾಲರಿಯ ಹತ್ತಿರ ಒಂದು ಎಸಳೂ ಬೀಳದ ಹಾಗೆ. ಚಕ್ರಕ್ಕೆ ನಿಂಬೆಹಣ್ಣು. ರಂಗಮ್ಮ, ಬೀದಿಯ ಹೆಂಗಸರು, ಎಲ್ಲರೂ ನಿಂತಿದ್ದರು. ಮಂಗಳಾರತಿ ಆಯಿತು. ಅತ್ತೆ ಮಾಲೆಯ ತುದಿಯಿಂದ ಗೇಣುದ್ದ ಕಿತ್ತರು.

"ಬಗ್ಗು," ಅಂದರು.

ರಂಗಮ್ಮನ ಬಾಯಿ ತೆರೆದದ್ದು ಕಂಡಿತು. ಅತ್ತೆ ಅತ್ತ ತಿರುಗಿ, "ಏನವ್ವಾ, ಹೂ ನೋಡಿಲ್ವಾ?" ಅಂದರು. ನಾನು ಬಗ್ಗಿದೆ. ಅವರು ನನ್ನ ತಲೆಗೆ ಹೂವು ಸಿಕ್ಕಿಸಿ, ಕೂದಲು ಒಮ್ಮೆ ಸವರಿದರು.

ಈಗ ಹಳೇಬೀಡಿಗೆ. ನನ್ನ ಸ್ಕೂಲು ನೋಡಬೇಕಂತೆ. ಎಡಗಡೆ ಸೀಟಿನಲ್ಲಿ ಆಗಲೇ ಕೂತಿದ್ದಾರೆ, ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ. ಬಂದೆ ಅತ್ತೆ, ಬಂದೆ. ಬರೆಯಲು ಬಗ್ಗಿದರೆ ಹೂವು ಜಾರುತ್ತಿದೆ. ಎರಡು ವರ್ಷದಿಂದ ಹೇರ್‌ಪಿನ್ ಮುಟ್ಟಿಲ್ಲ. ಈ ಡ್ರಾಯರಿನಲ್ಲೇ ಎಲ್ಲೋ ಒಂದು ಇರಬೇಕು, ಹುಡುಕಿ ಸಿಕ್ಕಿಸಿಕೊಂಡು ಹೊರಡುತ್ತೇನೆ.