ಪ್ರತಿ ಕಟ್ಟಿಂದ ಎರಡೇ

ಮಗರಾಯಾ,

ಮುಂದೆ ನಿನ್ನ ಮಗಳಿಗೆ ಸೀಟು ಬೇಕು ಅಂತೀಯಲ್ಲ, ಆ ಕಾಲೇಜನ್ನ ಮೂವತ್ತು ವರ್ಷ ನಡೆಸಿದವಳೇ ನಾನು. ಸರಿ, ಅರ್ಧ ಸುಳ್ಳು, ಕಸ ಗುಡಿಸಿದ್ದು. ಆದ್ರೆ ಸೀಟು ಕೊಡೋ ಕೋಣೇನೂ ನಾನೇ ಗುಡಿಸಿದ್ದು.

ಊಟ ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೋ.

ಅಲ್ಲಿ ಒಂದೊಂದು ಹೈಸ್ಕೂಲಿನ ಅರ್ಜಿ ಒಂದೊಂದು ಕಟ್ಟು. ಪ್ರತಿ ಕಟ್ಟಿಂದ ಜಾಸ್ತಿ ಅಂಕದ ಎರಡು ತಗೊಂಡು, ಮಿಕ್ಕಿದ್ದನ್ನ ದಾರ ಸುತ್ತಿ ಮೂಲೆಗೆ ಎಸೀತಾರೆ. ನಿನ್ನ ಗಾಜಿನ ಅರಮನೆ ಸ್ಕೂಲಿನ ಕಟ್ಟು ಆಕಾಶಕ್ಕೆ ತಾಗುತ್ತೆ, ಅದರಿಂದ್ಲೂ ಎರಡೇ! ನಮ್ಮ ಹುಡುಗಿ ಈ ಬೀದಿಕೊನೆ ಸ್ಕೂಲಲ್ಲಿ ಎಲ್ಲರಿಗಿಂತ ಮುಂದೆ. ನಿನ್ನ ಅರಮನೆಗೆ ಸೇರಿಸಿದ್ರೆ ಅವಳ ಅರ್ಜಿ ಮೂಲೆಗೇ. ನಿನಗೇನು, ಟೈ ಕಟ್ಟಿದ ಮಗಳ ಫೋಟೋ ಆಫೀಸಲ್ಲಿ ತೋರಿಸಿದ್ರೆ ಸಾಕು. ಅಷ್ಟು ಆಸೆ ಇದ್ರೆ ಟೈ ನೀನೇ ಕಟ್ಕೊಂಡು ಸ್ಕೂಲಿಗೆ ಹೋಗು.

ಅವಳ ದಿಂಬು ಬಿಸಿಲಿಗೆ ಹಾಕಿದೀನಿ, ಒಳಗೆ ತಗೋ. ಈ ಸ್ಕೂಲು ಬಿಡಲ್ಲ ಅಂತ ಅತ್ತು ಅತ್ತು ನೆನೆಸಿಬಿಟ್ಟಿದಾಳೆ.

ಆ ಸ್ಕೂಲಿಗೆ ಸೇರಿಸೋ ಫಾರಂ ಹುಡುಕ್ಬೇಡ, ನನ್ನ ಚೀಲದಲ್ಲಿದೆ. ಇವತ್ತೇ ಕೊನೇ ದಿನ, ಐದು ಗಂಟೆಗೆ ಬಾಗಿಲು ಹಾಕ್ತಾರೆ ಅಂತ ನೀನೇ ಹೇಳಿದ್ದೆ. ನಾನು ಎಷ್ಟು ಗಂಟೆಗೆ ಮನೆಗೆ ಬರ್ತೀನಿ? ಭಾರೀ ಜಾಣ ಅಲ್ವಾ, ನೀನೇ ಊಹಿಸು.